ಬೆಂಕಿಯ ಅರವಟ್ಟಿಗೆ

ಕೋಲ್ಡ್‌ಫುಟ್ ದಾಟಿ ನಲವತ್ತು ಮೈಲಿಗೆ
ರಸ್ತೆ ಕಾಣೆಯಾಯಿತು.
ಊರ ಹೆಸರೇ ತಣ್ಣಗಾದ ಪಾದ;
ಅಲ್ಲೇ ಉಳಿಯಬೇಕಿತ್ತು, ಉಳಿಯಲಿಲ್ಲ.
ಡೀಸೆಲ್ಲು ಗಂಜಿಯಾಗಿ ಕೊಳವೆಯಲ್ಲಿ ಕಟ್ಟಿಕೊಂಡು
ಲಾರಿ ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಸೊನ್ನೆಗಿಂತ ನಲವತ್ತೆರಡು ಕೆಳಗೆ.
ಸೊಂಡೂರಿನ ಅದಿರು ಹೊರುತ್ತಿದ್ದಾಗ
ನಲವತ್ತೆರಡು ನನಗೆ ಬಳಕೆಯ ಅಂಕಿಯೇ,
ಸೊನ್ನೆಯ ಆಚೆ ದಂಡೆಯದು, ಅಷ್ಟೆ.

ಕಂಬಕ್ಕೊಂದು ಕೆಂಪು ಬಿಲ್ಲೆ, ಕಂಬದಿಂದ ಕಂಬಕ್ಕೆ ಹಗ್ಗ.
ಹಗ್ಗ ಹಿಡಿದು ನಡೆದೆ. ಹಿಡಿದದ್ದು ಹಗ್ಗವೋ ಅಲ್ಲವೋ
ಕೈಗೆ ಗೊತ್ತಾಗುತ್ತಿರಲಿಲ್ಲ.
ಗುಡಿಸಲಿಗೆ ಬೀಗವಿಲ್ಲ. ಅಗುಳಿ ದೊಡ್ಡದು,
ಬೆರಳು ಸತ್ತವನೂ ಮೊಣಕೈಯಲ್ಲಿ ಎತ್ತುವಂಥದು.
ಅದನ್ನು ಮಾಡಿದ ಬಡಗಿ
ಒಂದು ರಾತ್ರಿಯಾದರೂ ನನ್ನ ಹಾಗೆ ಹೊರಗೆ ನಿಂತಿದ್ದಿರಬೇಕು.

ಒಳಗೆ ತಗಡಿನ ಒಲೆ. ಕಾಫಿ ಡಬ್ಬಿಯಲ್ಲಿ
ಮೇಣ ಹಚ್ಚಿದ ಬೆಂಕಿಕಡ್ಡಿ, ಏಳು.
ಎರಡು ಕಂಬಳಿ, ಒಂದರಲ್ಲಿ ಇಲಿಯ ಸಂಸಾರ.
ಹಿಮ ಕುಡಿದ ದಪ್ಪ ದಪ್ಪ ಕೊರಡು;
ಸೀಳಿದ ಚಕ್ಕೆ ಒಂದೂ ಇಲ್ಲ.
ಕೊಡಲಿ ಇದೆ, ಕಾವಿಲ್ಲ,
ಕಾವಿಗಾಗಿ ಕಾವನ್ನೇ ಸುಟ್ಟಿದ್ದಾನೆ ಯಾವನೋ.
ಅವನಿಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬೈದೆ;
ಬಾಯಾದರೂ ಬೆಚ್ಚಗಾಯಿತು.

ಮೊಳೆಗೆ ನೇತುಹಾಕಿದ್ದ ಪುಸ್ತಕ ಕಂಡದ್ದು ಆಗ.
ತಂಗಿದವರು ಹೆಸರು, ದಿನ, ಒಂದೆರಡು ಮಾತು ಬರೆದು ಹೋಗುವ ಪುಸ್ತಕ.
ಖಾಲಿ ಹಾಳೆ ಮೊದಲು ಹರಿದೆ. ನಾಲ್ಕೇ ಇದ್ದವು.
ಭುಗ್ಗೆಂದು ಹೋದವು, ಕೊರಡು ತಿರುಗಿಯೂ ನೋಡಲಿಲ್ಲ.
ಆಮೇಲೆ, ಬರೆದ ಹಾಳೆ.
ಓದದೆ ಸುಡಬಾರದು ಅನ್ನಿಸಿತು, ಯಾಕೋ.
ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಒಂದೊಂದೇ ಓದಿದೆ.

ರೊಹೆಲಿಯೊ, ಎಣ್ಣೆಬಾವಿಗೆ ಪೈಪು ಸಾಗಿಸುವವನು:
‘ಹೆಂಡತಿಗೆ ಇವತ್ತು ಹೆರಿಗೆ. ನಾನಿಲ್ಲಿ ಬೀನ್ಸ್ ತಿನ್ನುತ್ತಿದ್ದೇನೆ.’
ಹೆಸರು ಬರೆಯದ ಗಂಡ ಹೆಂಡತಿ:
‘ವಿಚ್ಛೇದನಕ್ಕೆಂದು ಫೇರ್‌ಬ್ಯಾಂಕ್ಸಿಗೆ ಹೊರಟಿದ್ದೆವು.
ಇಲ್ಲಿ ಒಂದೇ ಕಂಬಳಿ ಇತ್ತು.’
ಅದರ ಕೆಳಗೆ ಬೇರೆ ಕೈಬರಹ: ‘ಆದರೂ ಹೋಗುತ್ತೇವೆ.’
ಯಾವುದೋ ಮಗು ಬಣ್ಣದ ಪೆನ್ಸಿಲಲ್ಲಿ ಬಿಡಿಸಿದ ಒಲೆ,
ಒಲೆಗೆ ಕಣ್ಣು, ಮೀಸೆ.
ಅದನ್ನು ಜೇಬಿಗೆ ಹಾಕಿಕೊಂಡೆ.
ಮತ್ತೆ ತೆಗೆದು ಒಲೆಗೇ ಕೊಟ್ಟೆ.
ಆಗ ಹಿಡಿಯಿತು ತೊಗಟೆ.

ಹದಿನಾಲ್ಕು ವರ್ಷದ ಥ್ಯಾಂಕ್ಸು ಉರಿಯಿತು.
ನಮ್ಮ ಕಡೆ ಬೇಸಗೆಗೆ ದಾರಿಬದಿ ಅರವಟ್ಟಿಗೆ ಇಡುತ್ತಾರೆ.
ಇಟ್ಟವನು ಕುಡಿಯುವವನ ಹೆಸರು ಕೇಳುವುದಿಲ್ಲ,
ಕುಡಿದವನು ಗಡಿಗೆ ಯಾರದೆಂದು ಕೇಳುವುದಿಲ್ಲ,
ಲೋಟ ಬೋರಲು ಹಾಕಿ ನಡೆಯುತ್ತಾನೆ.
ಇದು ಬೆಂಕಿಯದು.

ಬೆಳಗ್ಗೆ, ಬೆಳಗೆಂದರೆ ಹನ್ನೊಂದಕ್ಕೆ ಒಂದು ಬೂದು ಗೆರೆ,
ಉಳಿದ ರಟ್ಟಿನ ಒಳಮೈಗೆ
ನೆನಪಿದ್ದಷ್ಟನ್ನು ಬರೆಯಲು ಕೂತೆ.
ಬೆರಳು ಊದಿದ್ದವು, ಇಂಗ್ಲಿಷು ಬರಲಿಲ್ಲ,
ಗುಂಡಗಿನ ಕನ್ನಡವೇ ಬಂತು:
ರೊಹೆಲಿಯೊನ ಬೀನ್ಸ್, ಒಂದೇ ಕಂಬಳಿ,
ಆದರೂ ಹೋಗುತ್ತೇವೆ, ಮೀಸೆಯ ಒಲೆ.
ಕೊನೆಗೆ: ‘ಸುಟ್ಟವನು ನಾನು, ಹುಲುಗಪ್ಪ.’

ಹಿಮ ತಳ್ಳುವ ಗಾಡಿಯಲ್ಲಿ ಬಂದಳು ಎಡ್ವಿನಾ,
ಸೆಪ್ಟೆಂಬರಿನಲ್ಲಿ ಈ ರಸ್ತೆಯ ಮೂರು ಗುಡಿಸಲಿಗೆ
ಸೌದೆ ತುಂಬುವವಳು.
ರಟ್ಟು ನೋಡಿದಳು, ಒಲೆ ನೋಡಿದಳು, ನನ್ನ ಕಿವಿ ನೋಡಿದಳು.
‘ಏನು ಬರೆದೆ?’
ಓದಿ ಹೇಳಿದೆ, ಅವಳ ಭಾಷೆಗೆ ತಂದು.
ಮೀಸೆಯ ಒಲೆ ಬಂದಾಗ ಮುಖ ಆಚೆ ತಿರುಗಿಸಿದಳು.
ಯಾಕೆಂದು ನಾನು ಕೇಳಲಿಲ್ಲ.
‘ಕೊಡಲಿ ನೋಡದೆ ಹೋದದ್ದು ನನ್ನ ತಪ್ಪು,
ಅದನ್ನೂ ಬರೆ’ ಅಂದಳು. ಬರೆದೆ.
ಆಮೇಲೆ ಅವಳು ತನ್ನ ಕೊಡಲಿಯಲ್ಲಿ ಚಕ್ಕೆ ಸೀಳಿದಳು,
ನಾನು ಬಲಗೈಯೊಂದರಲ್ಲೇ ಜೋಡಿಸಿದೆ,
ಮುಂದಿನವನ ಮಂಡಿಯ ಎತ್ತರಕ್ಕೆ.

ಎಡಗೈಯ ಕಿರುಬೆರಳು ಈಗಿಲ್ಲ.
ಹೆದ್ದಾರಿ ಕಚೇರಿಯವರು ಹೊಸ ಪುಸ್ತಕ ತಂದಿಟ್ಟಿದ್ದಾರಂತೆ,
ಗೆರೆ ಹಾಕಿದ್ದು, ಇನ್ನೂರು ಹಾಳೆ.
ಆ ಕಡೆ ಹೋದಾಗ ಮುಟ್ಟಿ ನೋಡಬೇಕು,
ಕಾಗದ ಒಣಗಿದೆಯೋ ಇಲ್ಲವೋ.